ಹಗ್ಗ ಜಗ್ಗಾಟದಿಂದ ತಂಡ ಹುಟ್ಟುವುದಿಲ್ಲ

ಬೆಂಗಳೂರಿನ ಕಚೇರಿಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಜೊತೆಯಲ್ಲಿ ಕೆಲಸ ಮಾಡುವವರನ್ನು ಎರಡು ದಿನ ಊರಾಚೆ ಕರೆದೊಯ್ದು, ಆಟ ಆಡಿಸಿ, ಒಟ್ಟಿಗೆ ಉಣಿಸಿ, ಕುಣಿಸಿ ಕರೆತಂದರೆ ಅವರು ತಂಡವಾಗುತ್ತಾರೆ ಎಂಬುದೇ ಆ ನಂಬಿಕೆ. ಊರಾಚೆ ಎಂದರೆ ಬಹಳ ಮಂದಿಗೆ ಗೋವಾ. ಶುಕ್ರವಾರ ರಾತ್ರಿ ಹೊರಟ ಸ್ಲೀಪರ್ ಬಸ್ಸು ಶನಿವಾರ ಬೆಳಿಗ್ಗೆ ಪಣಜಿ ಸೇರುತ್ತದೆ. ಬಿಸಿಲು ಇಳಿಯುವ ಹೊತ್ತಿಗೆ ಮಿರಾಮಾರ್ ಕಡಲತೀರದಲ್ಲಿ ಒಂದೇ ಬಣ್ಣದ ಟೀ ಶರ್ಟು ತೊಟ್ಟ ಮೂವತ್ತು ನಲವತ್ತು ಜನ, ಅವರ ಮುಂದೆ ಮೈಕು ಹಿಡಿದ ತರಬೇತುದಾರ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುವ ಆಟ, ಬೆನ್ನು ತಿರುಗಿಸಿ ಸಹೋದ್ಯೋಗಿಯ ತೋಳಿಗೆ ಬೀಳುವ ಆಟ, ಕೊನೆಗೆ ಹಗ್ಗ ಜಗ್ಗಾಟ. ಸಂಜೆ ಮಾಂಡೋವಿ ನದಿಯಲ್ಲಿ ದೋಣಿ ವಿಹಾರ, ರಾತ್ರಿ ಪಾರ್ಟಿ. ಸೋಮವಾರ ಎಲ್ಲರೂ ಮತ್ತೆ ತಮ್ಮ ತಮ್ಮ ಲ್ಯಾಪ್‌ಟಾಪಿನ ಮುಂದೆ.

ಈ ನಂಬಿಕೆ ತಪ್ಪು. ಹಣ ಪೋಲಾಗುತ್ತದೆ ಎಂಬ ಕಾರಣಕ್ಕಷ್ಟೇ ನಾನು ಇದನ್ನು ವಿರೋಧಿಸುತ್ತಿಲ್ಲ. ತಂಡವೊಂದು ಕುಸಿದಾಗ ಅದರ ಕಾರಣ ಸಾಮಾನ್ಯವಾಗಿ ಮೇಲಿನವರ ತೀರ್ಮಾನಗಳಲ್ಲಿ ಇರುತ್ತದೆ. ಯಾರನ್ನು ಸೇರಿಸಿದರು, ಎಷ್ಟು ದಿನ ಒಟ್ಟಿಗೆ ಇಟ್ಟರು, ಏನು ಕೆಲಸ ಕೊಟ್ಟರು, ಎಷ್ಟು ಸಮಯ ಕೊಟ್ಟರು, ಯಾವುದಕ್ಕೆ ಶಿಕ್ಷಿಸಿದರು, ಯಾವುದಕ್ಕೆ ಮೆಚ್ಚಿದರು ಎಂಬುದರಲ್ಲಿ ಇರುತ್ತದೆ. ಕಡಲತೀರದ ತರಬೇತಿ ಈ ಎಲ್ಲವನ್ನೂ ಬದಿಗೆ ಸರಿಸಿ, ದೋಷ ಇರುವುದು ಕೆಳಗೆ ದುಡಿಯುವವರ ಮನಸ್ಸಿನಲ್ಲಿ, ಅವರಲ್ಲಿ ಪರಸ್ಪರ ಪ್ರೀತಿ ಸಾಲದು ಎಂದು ಹೇಳುತ್ತದೆ. ಹೊಣೆಯನ್ನು ಹೊರಬೇಕಾದವರ ಹೆಗಲಿನಿಂದ ಇಳಿಸಿ, ಹೊರಬಾರದವರ ಹೆಗಲಿಗೆ ಏರಿಸುವುದು ಅನ್ಯಾಯ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಗ್ಗದ ವಿಚಾರವನ್ನೇ ನೋಡೋಣ. ಒಗ್ಗಟ್ಟಿನ ಶಕ್ತಿ ತೋರಿಸಲು ಹಗ್ಗ ಜಗ್ಗಾಟಕ್ಕಿಂತ ಒಳ್ಳೆಯ ಆಟ ಇಲ್ಲ ಎಂದು ತರಬೇತುದಾರರು ಹೇಳುತ್ತಾರೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ನೂರು ವರ್ಷಕ್ಕೂ ಹಿಂದೆ ಇದೇ ಹಗ್ಗವನ್ನು ಹಿಡಿದು ಅಳೆದು ನೋಡಿದ್ದ. ಒಬ್ಬನೇ ಎಳೆದಾಗ ಹಾಕುವ ಬಲ ಎಷ್ಟು, ಇಬ್ಬರು, ಮೂವರು, ಎಂಟು ಮಂದಿ ಸೇರಿ ಎಳೆದಾಗ ತಲಾ ಬಲ ಎಷ್ಟು ಎಂಬುದು ಅವನ ಪ್ರಶ್ನೆ. 1913ರಲ್ಲಿ ಪ್ರಕಟವಾದ ಅವನ ಲೆಕ್ಕದ ಪ್ರಕಾರ ಎಂಟು ಮಂದಿ ಒಟ್ಟಿಗೆ ಎಳೆದಾಗ ಪ್ರತಿಯೊಬ್ಬನಿಂದ ಸಿಕ್ಕ ಬಲ, ಅವನು ಒಂಟಿಯಾಗಿ ಎಳೆದಾಗ ಸಿಕ್ಕದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದ ಕಾರಣ ಸ್ವಲ್ಪ ಬಲ ಹೋಗುತ್ತದೆ ಎನ್ನಬಹುದು. 1974ರಲ್ಲಿ ಅಮೆರಿಕದ ಸಂಶೋಧಕರು ಅದನ್ನೂ ಪರೀಕ್ಷಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಇನ್ನಷ್ಟು ಜನ ಎಳೆಯುತ್ತಿದ್ದಾರೆ ಎಂದು ನಂಬಿಸಿ, ನಿಜದಲ್ಲಿ ಒಬ್ಬನಿಂದಲೇ ಎಳೆಸಿದರು. ಆಗಲೂ ಬಲ ಕುಗ್ಗಿತು. ಯಾರು ಎಷ್ಟು ಎಳೆದರೆಂದು ಗೊತ್ತಾಗದ ಕಡೆ ಮನುಷ್ಯ ತನಗೆ ಅರಿವಿಲ್ಲದೆಯೇ ಕೈ ಸಡಿಲಿಸುತ್ತಾನೆ. ಎಲ್ಲರ ಪಾಲೂ ಒಂದರಲ್ಲೊಂದು ಕರಗಿಹೋಗುವ ಕೆಲಸ ತಂಡಕ್ಕೆ ಒಳ್ಳೆಯದಲ್ಲ ಎಂಬುದನ್ನು ಈ ಹಗ್ಗವೇ ತೋರಿಸಿಕೊಟ್ಟಿದೆ. ಮಿರಾಮಾರ್‌ನಲ್ಲಿ ಅದೇ ಹಗ್ಗ ಹಿಡಿಸಿ ತದ್ವಿರುದ್ಧ ಪಾಠ ಹೇಳಿಕೊಡುತ್ತಿದ್ದೇವೆ.

ಹಾಗಾದರೆ ತಂಡ ಯಾವುದರಿಂದ ಆಗುತ್ತದೆ? ಇದಕ್ಕೆ ಉತ್ತರ ಹುಡುಕಲು ಕನ್ನಡಿಗರು ಗೋವಾಕ್ಕೆ ಬರಬೇಕಿರಲಿಲ್ಲ. ಉತ್ತರ ಬೆಂಗಳೂರಿನ ಸರ್ಜಾಪುರ ರಸ್ತೆಯ ವಿಪ್ರೋ ಕಚೇರಿಯಲ್ಲೇ ಇತ್ತು. ರಾಬರ್ಟ್ ಹಕ್ಮನ್, ಬ್ರ್ಯಾಡ್ಲಿ ಸ್ಟಾಟ್ಸ್ ಮತ್ತು ಡೇವಿಡ್ ಅಪ್ಟನ್ ಎಂಬ ಮೂವರು ವಿದ್ವಾಂಸರು ವಿಪ್ರೋದ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳ ದಾಖಲೆಗಳನ್ನು ರಾಶಿಗಟ್ಟಲೆ ಪರಿಶೀಲಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ಅಳೆದದ್ದು ಒಂದು ಸರಳ ಸಂಗತಿಯನ್ನು: ಈ ತಂಡದಲ್ಲಿರುವವರು ಈ ಹಿಂದೆ ಒಬ್ಬರೊಡನೊಬ್ಬರು ಎಷ್ಟು ಸಲ ಕೆಲಸ ಮಾಡಿದ್ದಾರೆ? ಹಾಗೆ ಜೊತೆಗೆ ದುಡಿದ ಅನುಭವ ಶೇ. 50ರಷ್ಟು ಹೆಚ್ಚಿದಾಗ ಪ್ರೋಗ್ರಾಮಿನ ದೋಷಗಳು ಶೇ. 19ರಷ್ಟು ಇಳಿದವು, ಖರ್ಚು ಬಜೆಟ್ಟಿನಿಂದ ದಾರಿ ತಪ್ಪುವುದು ಶೇ. 30ರಷ್ಟು ಕಡಿಮೆಯಾಯಿತು. ಇವರು ಒಟ್ಟಿಗೆ ಪ್ರವಾಸ ಹೋಗಿದ್ದರೇ, ಒಟ್ಟಿಗೆ ಕುಣಿದಿದ್ದರೇ ಎಂಬುದು ಆ ಲೆಕ್ಕದಲ್ಲಿ ಇಲ್ಲ. ಒಟ್ಟಿಗೆ ಕೋಡ್ ಬರೆದಿದ್ದರೇ ಎಂಬುದು ಇದೆ.

ಇದೇ ಮಾತನ್ನು ವಿಮಾನದ ಕಾಕ್‌ಪಿಟ್ ಇನ್ನೂ ಕಟುವಾಗಿ ಹೇಳುತ್ತದೆ. ಹಾರ್ವರ್ಡಿನ ರಿಚರ್ಡ್ ಹ್ಯಾಕ್‌ಮನ್ ತಮ್ಮ ಜೀವನವನ್ನು ತಂಡಗಳ ಅಧ್ಯಯನಕ್ಕೇ ಕೊಟ್ಟವರು. ವಿಮಾನ ಸಿಬ್ಬಂದಿ, ವಾದ್ಯವೃಂದ, ಆಸ್ಪತ್ರೆ, ಬೇಹುಗಾರಿಕೆ ಸಂಸ್ಥೆ ಎಲ್ಲವನ್ನೂ ಹತ್ತಿರದಿಂದ ನೋಡಿದ್ದರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ದಾಖಲೆಗಳಿಂದ ಅವರು ಮತ್ತೆ ಮತ್ತೆ ಎತ್ತಿ ತೋರಿಸುತ್ತಿದ್ದ ಲೆಕ್ಕ ಹೀಗಿದೆ: ದಾಖಲಾದ ಅವಘಡಗಳಲ್ಲಿ ಶೇ. 73ರಷ್ಟು ನಡೆದದ್ದು ಆ ಸಿಬ್ಬಂದಿ ಒಟ್ಟಿಗೆ ಹಾರಿದ ಮೊದಲ ದಿನ. ಶೇ. 44ರಷ್ಟು ಅವರ ಮೊದಲ ಹಾರಾಟದಲ್ಲೇ. ನಾಸಾದ ಸಂಶೋಧಕರು ಇನ್ನೊಂದು ಪರೀಕ್ಷೆ ಮಾಡಿದ್ದರು. ಒಟ್ಟಿಗೆ ಹಾರಿ ದಣಿದು ಬಂದ ಸಿಬ್ಬಂದಿ, ಚೆನ್ನಾಗಿ ನಿದ್ದೆ ಮಾಡಿ ಬಂದ ಆದರೆ ಒಬ್ಬರಿಗೊಬ್ಬರು ಹೊಸಬರಾದ ಸಿಬ್ಬಂದಿಗಿಂತ ಕಡಿಮೆ ತಪ್ಪು ಮಾಡಿದರು. ದಣಿವನ್ನೂ ಮೀರಿಸಿತು ಜೊತೆಗೆ ದುಡಿದ ಅನುಭವ.

ಈಗ ನಮ್ಮ ಕಂಪನಿಗಳು ಮಾಡುತ್ತಿರುವುದನ್ನು ನೋಡಿ. ಪ್ರಾಜೆಕ್ಟ್ ಅರ್ಧಕ್ಕೆ ಬಂದಾಗ ಅನುಭವಿಯನ್ನು ಎತ್ತಿ ಇನ್ನೊಂದು ಕ್ಲೈಂಟಿನ ಕೆಲಸಕ್ಕೆ ಹಾಕುತ್ತಾರೆ. ಅವನ ಜಾಗಕ್ಕೆ ಬೆಂಚಿನಲ್ಲಿ ಕೂತಿದ್ದ ಹೊಸಬ ಬರುತ್ತಾನೆ. ಒಬ್ಬಳೇ ಹುಡುಗಿಯನ್ನು ಎರಡು ಮೂರು ಪ್ರಾಜೆಕ್ಟ್‌ಗಳಿಗೆ ಹಂಚಿ ಹಾಕುತ್ತಾರೆ. ವರ್ಷದ ಕೊನೆಗೆ ಪಕ್ಕಪಕ್ಕದಲ್ಲಿ ಕೂತವರನ್ನೇ ಒಬ್ಬರ ಮೇಲೊಬ್ಬರಂತೆ ಸಾಲಾಗಿ ನಿಲ್ಲಿಸಿ ಅಂಕ ಕೊಡುತ್ತಾರೆ. ಎಷ್ಟೇ ಚೆನ್ನಾಗಿ ದುಡಿದರೂ ಇಷ್ಟು ಜನ ಕೆಳಗಿನ ಸಾಲಿಗೆ ಹೋಗಲೇಬೇಕು ಎಂದು ಮೊದಲೇ ತೀರ್ಮಾನವಾಗಿರುತ್ತದೆ. ಪಕ್ಕದವನಿಗೆ ಕೆಲಸ ಹೇಳಿಕೊಟ್ಟರೆ ನನ್ನ ಅಂಕ ಇಳಿಯುತ್ತದೆ ಎಂದಾದ ಕಡೆ ಯಾರು ಯಾಕೆ ಹೇಳಿಕೊಡುತ್ತಾರೆ? ಮೈಕ್ರೋಸಾಫ್ಟ್ ಈ ಪದ್ಧತಿಯನ್ನು ಬಹಳ ವರ್ಷ ನಡೆಸಿ 2013ರಲ್ಲಿ ಕೈಬಿಟ್ಟಿತು. ತಂಡವನ್ನು ವರ್ಷವಿಡೀ ಒಡೆಯುವ ಏರ್ಪಾಡು ಇಟ್ಟುಕೊಂಡು ವರ್ಷಕ್ಕೊಮ್ಮೆ ಪಣಜಿಯಲ್ಲಿ ಅದನ್ನು ಕೂಡಿಸಲು ಹೊರಡುವುದು ನನಗೆ ಸಹಿಸಲಾಗದ ಸಂಗತಿ.

ಇದರ ಜೊತೆಗೇ ಬರುವ ಇನ್ನೊಂದು ನಂಬಿಕೆ ನಾಯಕನ ಕುರಿತದ್ದು. ವರ್ಚಸ್ಸುಳ್ಳ ನಾಯಕ ಒಬ್ಬ ಸಿಕ್ಕರೆ ಸಾಕು, ಉಳಿದವರು ತಾವಾಗಿ ಹಿಂದೆ ಬರುತ್ತಾರೆ ಎನ್ನುವುದು. ನಾಯಕತ್ವದ ಕಮ್ಮಟಗಳಲ್ಲಿ ಇದಕ್ಕೆ ಪದೇ ಪದೇ ಕೊಡುವ ಉದಾಹರಣೆ ಅಂಟಾರ್ಕ್ಟಿಕಾದ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್‌ಟನ್. 1915ರಲ್ಲಿ ಅವನ ಹಡಗು ಎಂಡ್ಯುರೆನ್ಸ್ ಮಂಜಿನಲ್ಲಿ ಸಿಕ್ಕಿ ನುಚ್ಚುನೂರಾಯಿತು, ಆದರೂ ಅವನು ತನ್ನ ಜೊತೆಗಿದ್ದ ಒಬ್ಬನನ್ನೂ ಕಳೆದುಕೊಳ್ಳದೆ ಎಲ್ಲರನ್ನೂ ಉಳಿಸಿದ ಎಂದು ಕಥೆ ಹೇಳುತ್ತಾರೆ. ಎಂಡ್ಯುರೆನ್ಸ್‌ನ ಮಟ್ಟಿಗೆ ಅದು ನಿಜ, ದೊಡ್ಡ ಸಾಹಸವೂ ಹೌದು. ಆದರೆ ಅದೇ ಯಾತ್ರೆಗೆ ಇನ್ನೊಂದು ತಂಡವಿತ್ತು. ಶ್ಯಾಕಲ್‌ಟನ್ ಖಂಡವನ್ನು ದಾಟಿ ಬರುವಾಗ ಬೇಕಾಗುವ ಆಹಾರವನ್ನು ಎದುರು ದಿಕ್ಕಿನಿಂದ ದಾಸ್ತಾನು ಇಡಲು ಹೋದ ರಾಸ್ ಸಮುದ್ರದ ತಂಡ ಅದು. ಅವರ ಹಡಗು ಬಿರುಗಾಳಿಗೆ ಸಿಕ್ಕಿ ದೂರ ಕೊಚ್ಚಿಹೋಯಿತು. ಹತ್ತು ಮಂದಿ ಸಾಕಷ್ಟು ಬಟ್ಟೆ, ಸಾಮಗ್ರಿ ಇಲ್ಲದೆ ದಡದಲ್ಲಿ ಉಳಿದರು. ಆದರೂ ಹೇಳಿದ ಕೆಲಸ ಮಾಡಿ ಮುಗಿಸಿದರು, ಬಾರದವನಿಗಾಗಿ ದಾಸ್ತಾನು ಇಟ್ಟರು. ಅವರಲ್ಲಿ ಮೂವರು ಸತ್ತರು. ಆ ತಂಡಕ್ಕೆ ಹಣ, ಅನುಭವ, ತಯಾರಿ ಎಲ್ಲವೂ ಕಡಿಮೆ ಬಿದ್ದಿತ್ತು. ಕಮ್ಮಟದ ಪರದೆಯ ಮೇಲೆ ಈ ಮೂವರು ಬರುವುದೇ ಇಲ್ಲ. ಮಹಾನ್ ನಾಯಕನ ಅದೇ ಯಾತ್ರೆಯಲ್ಲಿ ತಯಾರಿಯ ಕೊರತೆಯಿಂದ ಜೀವಗಳು ಹೋದವು ಎಂದು ಹೇಳಿದರೆ ವರ್ಚಸ್ಸಿನ ಪಾಠ ನಿಲ್ಲುವುದಿಲ್ಲ.

ಅಂಟಾರ್ಕ್ಟಿಕಾದ ಮಾತು ಬಂದ ಮೇಲೆ ಪಣಜಿಯ ಮಾತು ಬಾರದೆ ಇರಲಾರದು. ಹಗ್ಗ ಜಗ್ಗುವ ಮಿರಾಮಾರ್‌ನಿಂದ ಕೆಲವೇ ಕಿಲೋಮೀಟರ್ ದೂರದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. 1966ರಲ್ಲಿ ಶುರುವಾದ ಸಂಸ್ಥೆ. ಅದರ ನಿರ್ದೇಶಕರಾಗಿದ್ದ ಸೈಯದ್ ಜಹೂರ್ ಕಾಸಿಮ್ ಅವರ ಮುಂದಾಳುತನದಲ್ಲಿ ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆ 1981ರ ಡಿಸೆಂಬರ್ 6ರಂದು ಗೋವಾದಿಂದ ಹೊರಟಿತು. ಒಟ್ಟು 21 ಜನ. ನಾರ್ವೆಯಿಂದ ಬಾಡಿಗೆಗೆ ತಂದ ಪೋಲಾರ್ ಸರ್ಕಲ್ ಎಂಬ ಹಡಗು. ವಿಷಯ ಹೊರಗೆ ಹೆಚ್ಚು ಯಾರಿಗೂ ತಿಳಿಯದಂತೆ ತಯಾರಿ ನಡೆದಿತ್ತು. 1982ರ ಜನವರಿ 9ರಂದು ಅವರು ಮಂಜಿನ ಖಂಡದ ಮೇಲೆ ಕಾಲಿಟ್ಟರು, ಫೆಬ್ರವರಿ 21ಕ್ಕೆ ಗೋವಾಕ್ಕೆ ಹಿಂತಿರುಗಿದರು. ಸಾಗರ ವಿಜ್ಞಾನಿಗಳು, ಭೂವಿಜ್ಞಾನಿಗಳು, ಹವಾಮಾನದವರು, ನೌಕಾಪಡೆಯವರು ಬೇರೆ ಬೇರೆ ಇಲಾಖೆಗಳಿಂದ ಬಂದಿದ್ದರು.  ಅವರನ್ನು ಒಂದುಗೂಡಿಸಿದ್ದು ಏನು? ಹೋಗುವುದು ಎಲ್ಲಿಗೆ, ಅಲ್ಲಿ ಮಾಡುವುದು ಏನು, ಯಾರ ಕೆಲಸ ಯಾವುದು, ಬೇಸಿಗೆ ಮುಗಿಯುವ ಮೊದಲು ಯಾವ ದಿನಕ್ಕೆ ವಾಪಸ್ ಹೊರಡಬೇಕು ಎಂಬುದರಲ್ಲಿ ಗೊಂದಲವೇ ಇರಲಿಲ್ಲ. ಈ ಗೊಂದಲವನ್ನು ಹೊರಡುವ ಮೊದಲೇ ಕಳೆದಿಟ್ಟಿದ್ದೇ ಕಾಸಿಮ್ ಅವರ ನಾಯಕತ್ವದ ದೊಡ್ಡ ಭಾಗ ಎಂದು ನಾನು ತಿಳಿಯುತ್ತೇನೆ.

ಎರಡು ವರ್ಷದ ಬಳಿಕ, 1983ರ ಡಿಸೆಂಬರಿನಲ್ಲಿ, ಹರ್ಷ ಗುಪ್ತಾ ಅವರ ನೇತೃತ್ವದಲ್ಲಿ ಹೊರಟ ಮೂರನೆಯ ಯಾತ್ರೆ ಒಂದೇ ಬೇಸಿಗೆಯಲ್ಲಿ ದಕ್ಷಿಣ ಗಂಗೋತ್ರಿ ಎಂಬ ನಿಲ್ದಾಣ ಕಟ್ಟಿತು. ಇದೇ ಯಾತ್ರೆಯಲ್ಲಿ ದೋನಾ ಪಾವ್ಲಾದ ಸಂಸ್ಥೆಯ ಅದಿತಿ ಪಂತ್ ಮತ್ತು ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಇದ್ದರು. ಭಾರತದ ಅಂಟಾರ್ಕ್ಟಿಕ ಯಾತ್ರೆಗಳಲ್ಲಿ ಪಾಲ್ಗೊಂಡ ಮೊದಲ ಮಹಿಳೆಯರು ಇವರು. ಹಡಗು ವಾಪಸಾದ ಮೇಲೆ ಹನ್ನೆರಡು ಮಂದಿ ಅಲ್ಲೇ ಉಳಿದು ಚಳಿಗಾಲ ಕಳೆದರು. ಹಡಗು ಹೋಯಿತೆಂದರೆ ಮುಂದಿನ ಬೇಸಿಗೆಯವರೆಗೆ ಯಾರೂ ಬರುವಂತಿಲ್ಲ, ಯಾರೂ ಹೋಗುವಂತಿಲ್ಲ. ಕೆಲವು ವಾರ ಸೂರ್ಯನೇ ಮೇಲೇರುವುದಿಲ್ಲ. ಜನರೇಟರ್ ನಿಂತರೆ ಅದನ್ನು ಬಲ್ಲವನೇ ಸರಿಮಾಡಬೇಕು, ಹಲ್ಲು ನೋವು ಬಂದರೆ ಇರುವ ಒಬ್ಬ ವೈದ್ಯನೇ ನೋಡಬೇಕು. ತಂಡ ಎಂಬ ಮಾತಿಗೆ ಇದಕ್ಕಿಂತ ಕಠಿಣ ಪರೀಕ್ಷೆ ನಾನು ಕಾಣೆ.

ಇವತ್ತು ಈ ಯಾತ್ರೆಗಳನ್ನು ಸಜ್ಜುಗೊಳಿಸುವುದು ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಹೋಗುವವರಿಗೆ ದೆಹಲಿಯ ಏಮ್ಸ್‌ನಲ್ಲಿ ದೇಹ, ಮನಸ್ಸು ಎರಡರ ತಪಾಸಣೆ ಆಗುತ್ತದೆ. ಆಮೇಲೆ ಉತ್ತರಾಖಂಡದ ಔಲಿಯಲ್ಲಿ ಇಂಡೋ ಟಿಬೆಟನ್ ಗಡಿ ಪೊಲೀಸರ ಕೈಯಲ್ಲಿ ಹಿಮದ ತರಬೇತಿ. ಅಲ್ಲಿಯೂ ಹಗ್ಗವಿದೆ. ಆದರೆ ಮಂಜಿನ ಬಿರುಕಿಗೆ ಬಿದ್ದವನನ್ನು ಮೇಲೆತ್ತುವುದು ಹೇಗೆ, ಗಂಟು ಹಾಕುವುದು ಹೇಗೆ, ಯಾರು ಹಿಡಿಯಬೇಕು, ಯಾರು ಎಳೆಯಬೇಕು ಎಂದು ಕಲಿಯುವ ಹಗ್ಗ ಅದು. ಮುಂದೆ ನಿಜವಾಗಿ ಮಾಡಬೇಕಾದ ಕೆಲಸವನ್ನೇ ಅವರು ಒಟ್ಟಿಗೆ ಅಭ್ಯಾಸ ಮಾಡುತ್ತಾರೆ. ನಂಬಿಕೆ ಹುಟ್ಟುತ್ತದೆ, ನಿಜ. ಇವನಿಗೆ ಗಂಟು ಹಾಕಲು ಬರುತ್ತದೆ ಎಂದು ಕಣ್ಣಾರೆ ಕಂಡದ್ದರಿಂದ ಹುಟ್ಟುತ್ತದೆ. ಸಾಫ್ಟ್‌ವೇರಿನವರಿಗೂ ಇಂಥ ತರಬೇತಿ ಕೊಡಬಹುದು: ನಡುರಾತ್ರಿ ಸರ್ವರ್ ಬಿದ್ದರೆ ಯಾರು ಏನು ಮಾಡಬೇಕೆಂದು ಒಟ್ಟಿಗೆ ಕೂತು ಅಭ್ಯಾಸ ಮಾಡಿಸಬಹುದು. ಅದಕ್ಕೆ ಮರಳು ಬೇಕಿಲ್ಲ, ಮೈಕು ಬೇಕಿಲ್ಲ, ಒಂದು ಕೆಲಸದ ದಿನ ಬಿಟ್ಟುಕೊಡಬೇಕು. ಆ ಒಂದು ದಿನವನ್ನು ಬಿಡಲು ಮನಸ್ಸಿಲ್ಲದ ಕಡೆಯೇ ನೌಕರರ ಶನಿವಾರ, ಭಾನುವಾರವನ್ನು ಕೇಳುತ್ತಾರೆ.

ನಾಯಕನೊಬ್ಬನೇ ಎಲ್ಲ ಎಂಬ ಕಥೆಗೆ ನಮ್ಮ ಭಾಗದಲ್ಲಿ ಇನ್ನೊಂದು ಹೆಸರೂ ಬಳಕೆಯಾಗುತ್ತದೆ: ಕೊಂಕಣ ರೈಲ್ವೆಯ ಇ. ಶ್ರೀಧರನ್. ಅವರ ಬಗ್ಗೆ ನನಗೆ ತುಂಬು ಗೌರವವಿದೆ. ಆ ಗೌರವದಿಂದಲೇ ಹೇಳುತ್ತೇನೆ, ಅವರ ಗುಣಗಾನ ಮಾಡುವವರು ಅವರು ಮಾಡಿದ ಕೆಲಸವನ್ನೇ ಮರೆಮಾಡುತ್ತಾರೆ. 1990ರಲ್ಲಿ ರೈಲ್ವೆ ಇಲಾಖೆಯ ಮಾಮೂಲು ಏರ್ಪಾಡಿನಿಂದ ಹೊರಗೆ ಒಂದು ಪ್ರತ್ಯೇಕ ನಿಗಮ ಮಾಡಿದರು. ಕೇಂದ್ರದ ಜೊತೆಗೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಪಾಲುದಾರರು. ಆಗ ಕರ್ನಾಟಕದ ಪಾಲು ಶೇ. 15, ಗೋವಾದ್ದು ಶೇ. 6 ಇತ್ತು. ಮಾರ್ಗವನ್ನು ಏಳು ವಿಭಾಗ ಮಾಡಿದರು: ಮಹಾಡ್, ರತ್ನಾಗಿರಿ ಉತ್ತರ, ರತ್ನಾಗಿರಿ ದಕ್ಷಿಣ, ಕುಡಾಳ್, ಗೋವಾ, ಕಾರವಾರ, ಉಡುಪಿ. ಒಂದೊಂದೂ ಸುಮಾರು ನೂರು ಕಿಲೋಮೀಟರ್, ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರ್. ಇಂಥವರ ಕೆಲಸ ಇಷ್ಟು, ಇಲ್ಲಿಂದ ಇಲ್ಲಿಯವರೆಗೆ ಎಂದು ನೆಲದ ಮೇಲೆ ಗೆರೆ ಎಳೆದಂತೆ ಸ್ಪಷ್ಟವಾಗಿತ್ತು. ಗೋವಾದ ಪೆರ್ನೆಮ್ ಬಳಿ ಮೆತ್ತನೆ ಮಣ್ಣಿನ ಸುರಂಗ ಮತ್ತೆ ಮತ್ತೆ ಕುಸಿಯಿತು, ಕಾರ್ಮಿಕರು ಪ್ರಾಣ ಕಳೆದುಕೊಂಡರು. ಪೂರ್ತಿ ಮಾರ್ಗ ದೇಶಕ್ಕೆ ಸಿಕ್ಕದ್ದು 1998ರ ಜನವರಿ 26ರಂದು. ಒಬ್ಬ ಮನುಷ್ಯನ ವರ್ಚಸ್ಸು ಆ ಮಣ್ಣನ್ನು ತಡೆದು ನಿಲ್ಲಿಸಲಿಲ್ಲ. ಅಲ್ಲೇ ಇದ್ದು ವರ್ಷಗಟ್ಟಲೆ ಹಟ ಹಿಡಿದ ಎಂಜಿನಿಯರುಗಳು ಮತ್ತು ಕೂಲಿಗಳು ನಿಲ್ಲಿಸಿದರು.

ಕೂಲಿಗಳ ಮಾತು ಬಂದದ್ದರಿಂದ, ಪಣಜಿಯಲ್ಲಿ ನಮ್ಮವರೇ ಇರುವ ಇನ್ನೊಂದು ತಂಡವನ್ನು ನೆನೆಯಲೇಬೇಕು. ಈ ನಗರದಲ್ಲೂ ಮಾಂಡೋವಿಯ ಆಚೆ ಪೊರ್ವರಿಯಲ್ಲೂ ಏಳುತ್ತಿರುವ ಕಟ್ಟಡಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಕಡೆಯ ಕನ್ನಡಿಗರು ದುಡಿಯುತ್ತಾರೆ. ಇವರನ್ನು ಘಾಟಿಗಳೆಂದು ಹೀನಾಯವಾಗಿ ಕರೆಯುವವರು ಇಲ್ಲಿ ಇದ್ದಾರೆ. ಸ್ಲ್ಯಾಬ್ ಹಾಕುವ ದಿನ ಈ ಗ್ಯಾಂಗಿನ ಕೆಲಸ ನಿಂತು ನೋಡಬೇಕು. ಮಿಕ್ಸರಿಗೆ ಜಲ್ಲಿ, ಮರಳು, ಸಿಮೆಂಟು, ನೀರು ಅಳತೆಯಂತೆ ಬೀಳಬೇಕು. ಕಲಸಿದ ಮಾಲು ಬುಟ್ಟಿಯಲ್ಲಿ ಕೈಯಿಂದ ಕೈಗೆ ಮೇಲೇರಬೇಕು, ಅಥವಾ ಲಿಫ್ಟಿನಲ್ಲಿ ಏರಬೇಕು. ಮೇಲೆ ಒಬ್ಬ ಸುರಿಯುತ್ತಾನೆ, ಒಬ್ಬ ವೈಬ್ರೇಟರ್ ಹಿಡಿಯುತ್ತಾನೆ, ಇನ್ನೊಬ್ಬ ಮಟ್ಟ ಮಾಡುತ್ತಾನೆ, ಕೆಳಗೆ ಒಬ್ಬ ಸೆಂಟ್ರಿಂಗಿನ ಹಲಗೆ, ಕಂಬ ಜರುಗುತ್ತಿವೆಯೇ ಎಂದು ಕಣ್ಣಿಟ್ಟಿರುತ್ತಾನೆ. ಸಿಮೆಂಟು ಕಾಯುವುದಿಲ್ಲ. ನಡುವೆ ಕೆಲಸ ನಿಂತರೆ ಹಳೆಯ ಮಾಲಿಗೂ ಹೊಸ ಮಾಲಿಗೂ ಬೆಸುಗೆ ಕೂಡದೆ ಅಲ್ಲೊಂದು ಸಂದು ಉಳಿಯುತ್ತದೆ, ಗೋವಾದ ಮಳೆಗೆ ಅಲ್ಲೇ ಸೋರುತ್ತದೆ. ಇಲ್ಲಿ ಯಾರೂ ಯಾರನ್ನೂ ಅಪ್ಪಿಕೊಳ್ಳುವುದಿಲ್ಲ. ಮೇಸ್ತ್ರಿ ಬೈಯುತ್ತಾನೆ, ಬುಟ್ಟಿ ಕೊಡುವವಳು ತಿರುಗಿ ಬೈಯುತ್ತಾಳೆ. ಆದರೆ ಒಬ್ಬರ ಕೆಲಸ ನಿಂತರೆ ಎಲ್ಲರ ಕೆಲಸ ನಿಲ್ಲುವುದು ಪ್ರತಿಯೊಬ್ಬರ ಕಣ್ಣಿಗೂ ಕಾಣುತ್ತದೆ, ಯಾರ ಪಾಲು ಎಷ್ಟೆಂಬುದೂ ಕಾಣುತ್ತದೆ. ರಿಂಗೆಲ್‌ಮನ್ನನ ಹಗ್ಗದಲ್ಲಿ ಇಲ್ಲದ್ದು ಇದೇ. ಬಹಳ ಕಡೆ ಮೇಸ್ತ್ರಿ ತನ್ನ ಊರಿನ, ತನ್ನ ಸುತ್ತಲಿನ ಹಳ್ಳಿಗಳ ಅದೇ ಜನರನ್ನೇ ಒಂದು ಕೆಲಸದಿಂದ ಇನ್ನೊಂದಕ್ಕೆ ಕರೆದೊಯ್ಯುತ್ತಾನೆ. ವಿಪ್ರೋದ ಅಧ್ಯಯನ ಲೆಕ್ಕ ಹಾಕಿ ಕಂಡುಕೊಂಡದ್ದನ್ನು ಮೇಸ್ತ್ರಿ ಲೆಕ್ಕ ಹಾಕದೆ ಬಲ್ಲ.

ಈ ಗ್ಯಾಂಗನ್ನು ಹೊಗಳಿ ಸುಮ್ಮನಾಗುವುದೂ ತಪ್ಪು. ಇವರ ಒಗ್ಗಟ್ಟು ಎಷ್ಟೇ ಇರಲಿ, ಗುತ್ತಿಗೆದಾರ ಹೆಲ್ಮೆಟ್ ಕೊಡದಿದ್ದರೆ, ಸುರಕ್ಷತಾ ಬೆಲ್ಟ್ ಕೊಡದಿದ್ದರೆ, ಸೆಂಟ್ರಿಂಗಿಗೆ ಹಳೆಯ ಕಂಬ ಕೊಟ್ಟರೆ ಸ್ಲ್ಯಾಬ್ ಬಿದ್ದಾಗ ಸಾಯುವವರು ಇವರೇ. ಒಳ್ಳೆಯ ತಂಡವೂ ಕೆಟ್ಟ ಏರ್ಪಾಡಿನ ಕೈಯಲ್ಲಿ ಸೋಲುತ್ತದೆ. ಹ್ಯಾಕ್‌ಮನ್ ತಮ್ಮ ಅನುಭವದ ಸ್ಥೂಲ ಲೆಕ್ಕವೊಂದನ್ನು ಮುಂದಿಟ್ಟಿದ್ದರು: ತಂಡದ ಯಶಸ್ಸಿನ ಶೇ. 60 ಭಾಗ ತಂಡ ಸೇರುವ ಮುನ್ನ ನಾಯಕ ಮಾಡುವ ಏರ್ಪಾಡಿನಲ್ಲಿದೆ, ಶೇ. 30 ಅದನ್ನು ಶುರು ಮಾಡುವ ರೀತಿಯಲ್ಲಿದೆ, ಉಳಿದ ಶೇ. 10 ಮಾತ್ರ ನಡುವೆ ಕೊಡುವ ಮಾರ್ಗದರ್ಶನದಲ್ಲಿದೆ. ನಮ್ಮ ತರಬೇತಿಗಳ ಗಮನವೆಲ್ಲ ಆ ಕೊನೆಯ ಹತ್ತರ ಮೇಲೆ.

ಕಡಲತೀರದ ಪರವಾಗಿ ಹೇಳುವ ಮತ್ತೊಂದು ಮಾತಿದೆ: ಅಲ್ಲಿ ಜನ ಮನಬಿಚ್ಚಿ ಮಾತಾಡುತ್ತಾರೆ, ಬಾಸ್ ಮತ್ತು ಕೆಳಗಿನವರ ನಡುವಿನ ಗೋಡೆ ಬೀಳುತ್ತದೆ ಎಂದು. ಕುಣಿತದ ಹೊತ್ತಿಗೆ ಬೀಳುತ್ತದೆ, ಒಪ್ಪುತ್ತೇನೆ. ನಮಗೆ ಬೇಕಾದದ್ದು ಅದಲ್ಲ. ಈ ರಿಲೀಸ್ ತಾರೀಖಿಗೆ ಮುಗಿಯುವುದಿಲ್ಲ, ಕ್ಲೈಂಟಿಗೆ ನೀವು ಕೊಟ್ಟ ಮಾತು ತಪ್ಪು, ನಾನು ನಿನ್ನೆ ಬರೆದ ಕೋಡಿನಲ್ಲಿ ದೋಷವಿದೆ ಎಂದು ಸೋಮವಾರದ ಮೀಟಿಂಗಿನಲ್ಲಿ ಹೇಳಲು ಆಗಬೇಕು. ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ತೊಂಬತ್ತರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ನೋಡಿದಾಗ, ಚೆನ್ನಾಗಿ ನಡೆಯುವ ತಂಡಗಳಲ್ಲಿ ಔಷಧದ ತಪ್ಪುಗಳು ಕಡಿಮೆ ಇರಬೇಕೆಂದು ಊಹಿಸಿದ್ದರು. ಲೆಕ್ಕ ತಿರುಗುಮುರುಗಾಗಿ ಬಂತು. ಕಾರಣ ಹುಡುಕಿದಾಗ ತಿಳಿದದ್ದು: ಒಳ್ಳೆಯ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳುತ್ತಿದ್ದರು, ಉಳಿದ ಕಡೆ ಹೆಡ್ ನರ್ಸಿನ ಹೆದರಿಕೆಗೆ ಮುಚ್ಚಿಡುತ್ತಿದ್ದರು. ಹೇಳಿದವರನ್ನು ಶಿಕ್ಷಿಸದೆ ಇರುವುದೇ ಅಲ್ಲಿ ನಾಯಕಿ ಮಾಡಿದ್ದ ಕೆಲಸ. ಅದು ದಿನನಿತ್ಯ ಮಾಡುವ ಕೆಲಸ, ಒಂದು ಸಂಜೆಯದ್ದಲ್ಲ.

ಹೇಳದೆ ಹೋದರೆ ಏನಾಗುತ್ತದೆ ಎಂಬುದನ್ನು 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದ ವಿಮಾನ ನಿಲ್ದಾಣದಲ್ಲಿ ಜಗತ್ತು ನೋಡಿತು. ಮಂಜು ಕವಿದ ರನ್‌ವೇ. ಕೆಎಲ್‌ಎಂ ಸಂಸ್ಥೆಯ ಅತ್ಯಂತ ಹಿರಿಯ, ಹೆಸರಾಂತ ಕ್ಯಾಪ್ಟನ್ ಅನುಮತಿ ಸಿಗುವ ಮೊದಲೇ ವಿಮಾನ ಓಡಿಸಿದರು. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಪಕ್ಕದಲ್ಲಿದ್ದ ಫ್ಲೈಟ್ ಎಂಜಿನಿಯರ್ ಅನುಮಾನ ವ್ಯಕ್ತಪಡಿಸಿದ. ಕ್ಯಾಪ್ಟನ್ ತಳ್ಳಿಹಾಕಿದರು. ಎಂಜಿನಿಯರ್ ಸುಮ್ಮನಾದ. ಸತ್ತವರು 583 ಮಂದಿ. ವಿಮಾನಯಾನದವರು ಇದರಿಂದ ಪಾಠ ಕಲಿತದ್ದು ಸಿಬ್ಬಂದಿಯನ್ನು ಪಿಕ್‌ನಿಕ್ಕಿಗೆ ಕಳಿಸಿ ಅಲ್ಲ. 1979ರಲ್ಲಿ ನಾಸಾ ಕರೆದ ಸಭೆಯಿಂದ ಶುರುವಾಗಿ, ಕಿರಿಯರು ಎದುರುಮಾತು ಹೇಳುವುದನ್ನೂ ಕ್ಯಾಪ್ಟನ್ನರು ಅದನ್ನು ಕೇಳುವುದನ್ನೂ ಸಿಮ್ಯುಲೇಟರಿನಲ್ಲಿ, ನಿಜವಾದ ಕೆಲಸದ ಹಿನ್ನೆಲೆಯಲ್ಲಿ, ಮತ್ತೆ ಮತ್ತೆ ಅಭ್ಯಾಸ ಮಾಡಿಸಿದರು. ಕ್ಯಾಪ್ಟನ್ನರನ್ನೂ ವಿದ್ಯಾರ್ಥಿಗಳಾಗಿ ಕೂರಿಸಿದರು. ನಮ್ಮ ಕಡೆ ತರಬೇತಿ ಬೇಕೆನಿಸುವುದು ಕೆಳಗಿನವರಿಗೆ ಮಾತ್ರ.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ತಂಡ ಕಟ್ಟುವ ತರಬೇತಿಗಳ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ 2009ರಲ್ಲಿ ಕ್ಯಾಮರಾನ್ ಕ್ಲೈನ್ ಮತ್ತು ಸಂಗಡಿಗರು ತೂಗಿ ನೋಡಿದ್ದಾರೆ. ಸ್ವಲ್ಪ ಪ್ರಯೋಜನ ಇದೆ ಎಂಬುದು ಅವರ ತೀರ್ಮಾನ. ಆದರೆ ಹೆಚ್ಚು ಪ್ರಯೋಜನ ಕಂಡದ್ದು ಗುರಿ ನಿಗದಿ ಮಾಡುವುದರಲ್ಲಿ ಮತ್ತು ಯಾರ ಕೆಲಸ ಯಾವುದೆಂದು ಸ್ಪಷ್ಟಪಡಿಸುವುದರಲ್ಲಿ. ಇವೆರಡಕ್ಕೂ ಒಂದು ಕೋಣೆ, ಒಂದು ಬಿಳಿ ಹಲಗೆ, ಅಧಿಕಾರ ಉಳ್ಳವನೊಬ್ಬ ಸಾಕು. ಇನ್ನು ಕಡಲು ನೋಡಬೇಕು, ವಿಶ್ರಾಂತಿ ಬೇಕು ಎನ್ನುವವರಿಗೆ ನಾನು ಅಡ್ಡ ಬರುವುದಿಲ್ಲ. ಅವರಿಗೆ ರಜೆ ಕೊಡಿ, ಸಂಬಳದೊಂದಿಗೆ ಕೊಡಿ. ಅವರು ತಮ್ಮ ಮನೆಯವರೊಂದಿಗೆ ಪಣಜಿಗೆ ಬರಲಿ, ಫೊಂಟೈನ್ಹಾಸ್‌ನ ಹಳೆಯ ಓಣಿಗಳಲ್ಲಿ ಅಡ್ಡಾಡಲಿ.

ಕಂಪನಿಯ ಹೆಸರಿನ ಪ್ರವಾಸ ಬೇರೆ. ಅಲ್ಲಿ ಬರುವುದಿಲ್ಲ ಎನ್ನಲು ಧೈರ್ಯ ಬೇಕು. ಎಳೆಯ ಮಗುವನ್ನು ಬಿಟ್ಟು ಎರಡು ರಾತ್ರಿ ಹೊರಗಿರಲಾಗದ ತಾಯಿ, ವಾರಾಂತ್ಯದಲ್ಲಿ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಾದ ಮಗ, ಕುಡಿಯದವನು, ಗದ್ದಲ ಸಹಿಸದವನು, ಕಾಲು ಸರಿಯಿಲ್ಲದೆ ಮರಳಿನಲ್ಲಿ ಓಡಲಾಗದವಳು, ಇವರೆಲ್ಲ ತಂಡದ ಮನೋಭಾವ ಇಲ್ಲದವರು ಎನಿಸಿಕೊಳ್ಳುತ್ತಾರೆ. ವರ್ಷವಿಡೀ ಉಳಿದವರ ತಪ್ಪು ತಿದ್ದಿಕೊಟ್ಟವಳು ಇವರಲ್ಲೊಬ್ಬಳೇ ಆಗಿರಬಹುದು. ಅವಳ ಮುಖ ಫೋಟೋದಲ್ಲಿ ಇಲ್ಲ ಎಂಬ ಕಾರಣಕ್ಕೆ ಅಪ್ರೈಸಲ್ ಹೊತ್ತಿನಲ್ಲಿ ಅವಳು ಮರೆತುಹೋಗುತ್ತಾಳೆ. ಇದಕ್ಕಿಂತ ದೊಡ್ಡ ತಂಡದ್ರೋಹ ಇನ್ನೇನಿದೆ?

ಕರ್ನಾಟಕದ ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ, ಶಾಲಾ ಆಡಳಿತಗಳಲ್ಲಿ ಜನರ ಮೇಲೆ ಅಧಿಕಾರ ಹೊಂದಿರುವ ಎಲ್ಲರಲ್ಲಿ ನನ್ನ ಕೇಳಿಕೆ ಇಷ್ಟೇ. ಮುಂದಿನ ಬಾರಿ ಗೋವಾ ಪ್ರವಾಸದ ಬಿಲ್ಲಿಗೆ ಸಹಿ ಹಾಕುವ ಮೊದಲು ಅದೇ ಜನರಿಗೆ ಒಂದು ಪತ್ರ ಬರೆದುಕೊಡಿ. ಹಿಡಿದ ಕೆಲಸ ಮುಗಿಯುವವರೆಗೆ ಈ ತಂಡವನ್ನು ಒಡೆಯುವುದಿಲ್ಲ, ಒಬ್ಬರನ್ನು ಎರಡು ಕಡೆ ಹಂಚುವುದಿಲ್ಲ, ಪಕ್ಕದವರಿಗೆ ಕಲಿಸಿದವರ ಅಂಕ ಇಳಿಸುವುದಿಲ್ಲ, ಕೆಟ್ಟ ಸುದ್ದಿ ಮೊದಲು ತಂದವರನ್ನು ಬೈಯುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ, ಕೆಳಗೆ ನಿಮ್ಮ ಹೆಸರು ಹಾಕಿ. ಬರೆಯಲು ಆಗದಿದ್ದರೆ ಪ್ರವಾಸವನ್ನು ರದ್ದು ಮಾಡಿ, ಆ ಹಣವನ್ನು ಅವರ ಸಂಬಳಕ್ಕೆ ಸೇರಿಸಿ.